‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿತ್ತು ಸರ್’

ಮಾನ್ಯರೇ,

ಸುರತ್ಕಲ್‌ನಿಂದ ಮಣಿಪಾಲದವರೆಗೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಆದರೂ ಪ್ರಾಜೆಕ್ಟ್ ಪರೀಕ್ಷೆಯ ದಿನ ಮೇಲಿನ ಮಾತು ಕೇಳುವುದು ತಪ್ಪಿಲ್ಲ. ಕೋಡ್ ಸರಿಯಾಗಿಯೇ ಇರುತ್ತದೆ. ಎಡವುವುದು ಬಹಳ ಸಲ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ, ಅಂದರೆ ಪ್ರೋಗ್ರಾಂಗೆ ಹೊರಗಿನಿಂದ ‘ಹೆಸರು=ಮೌಲ್ಯ’ ಎಂದು ಕೊಡುವ ಸೆಟ್ಟಿಂಗ್‌ನಲ್ಲಿ.

ಲಿನಕ್ಸ್‌ನಲ್ಲಿ ಸಿಸಿ=ಕ್ಲ್ಯಾಂಗ್ (ಕ್ಲ್ಯಾಂಗ್ ಎಂಬ ಕಂಪೈಲರ್ ಬಳಸು) ಎಂದು ಬರೆದು ಎಂಟರ್ ಒತ್ತಿ, ಮುಂದಿನ ಸಾಲಿನಲ್ಲಿ ಬಿಲ್ಡ್‌ಗೆ ಸಿದ್ಧತೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದರೆ ಅದು ಸ್ಕ್ರಿಪ್ಟ್‌ಗೆ ತಲುಪುವುದಿಲ್ಲ. ಎಕ್ಸ್‌ಪೋರ್ಟ್ ಕಮಾಂಡ್‌ನಿಂದ ಹೊರಗೆ ದಾಟಿಸದ್ದು, ನಮ್ಮ ಕಮಾಂಡ್ ಓದುವ ಆ ಶೆಲ್‌ನೊಳಗೇ ಉಳಿಯುತ್ತದೆ. ಇದರಿಂದ ಬೇಸತ್ತು ಎಲ್ಲವನ್ನೂ, ಶೆಲ್ ತೆರೆದಾಗಲೆಲ್ಲ ಓದಿಕೊಳ್ಳುವ ಬ್ಯಾಶ್‌ಆರ್‌ಸಿ ಕಡತಕ್ಕೆ ತುಂಬುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು: ಮುಂದೆ ಬೇರೆ ಪ್ರಾಜೆಕ್ಟ್ ಬಿಲ್ಡ್ ಮಾಡುವಾಗಲೂ ಹಳೆಯ ಫ್ಲ್ಯಾಗ್‌ಗಳು (ಕಂಪೈಲರ್‌ಗೆ ಕೊಡುವ ಆಯ್ಕೆಗಳು) ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ಕಾನ್ಫಿಗರ್ ಸ್ಕ್ರಿಪ್ಟನ್ನು ಸಿದ್ಧಪಡಿಸುವ ಆಟೋಕಾನ್ಫ್ ಬಳಸುವ ಪ್ಯಾಕೇಜ್‌ಗಳಲ್ಲಿ ಸರಿಯಾದ ಜಾಗ ಕಾನ್ಫಿಗರ್ ಎಂಬುದರ ಬಲಕ್ಕೆ, ಅದೇ ಸಾಲಿನಲ್ಲಿ: ./ಕಾನ್ಫಿಗರ್ ಸಿಸಿ=ಕ್ಲ್ಯಾಂಗ್. ಹೀಗೆ ಕೊಟ್ಟದ್ದು ಕಾನ್ಫಿಗ್.ಲಾಗ್ ಕಡತದ ಆರಂಭದಲ್ಲೇ ಕಮಾಂಡ್ ಸಮೇತ ದಾಖಲಾಗುತ್ತದೆ. ಬಿಲ್ಡ್ ಕೆಟ್ಟಾಗ ಪರದೆಯ ಕೊನೆಯ ಸಾಲನ್ನು ದಿಟ್ಟಿಸುವ ಬದಲು ಮೊದಲು ಅಲ್ಲಿ ನೋಡಬೇಕು.

ಯಾವುದನ್ನು ಎಲ್ಲಿ ಕೊಡುತ್ತೇವೆ ಎಂಬುದೂ ಮುಖ್ಯ. ಹೆಡರ್ ಕಡತಗಳ ದಾರಿ ತೋರುವ ದೊಡ್ಡಕ್ಷರದ -ಐ, ಸಿಪಿಪಿಫ್ಲ್ಯಾಗ್ಸ್ ಎಂಬ ವೇರಿಯೇಬಲ್‌ಗೆ. ಲೈಬ್ರರಿ ಫೋಲ್ಡರ್ ತೋರುವ ದೊಡ್ಡಕ್ಷರದ -ಎಲ್, ಎಲ್‌ಡಿಫ್ಲ್ಯಾಗ್ಸ್‌ಗೆ. ಲೈಬ್ರರಿಯ ಹೆಸರು ಹೇಳುವ ಸಣ್ಣಕ್ಷರದ -ಎಲ್, ಲಿಬ್ಸ್‌ಗೆ. ಸಣ್ಣಕ್ಷರದ್ದನ್ನು ಎಲ್‌ಡಿಫ್ಲ್ಯಾಗ್ಸ್‌ಗೆ ತುರುಕಿದರೆ ಲಿಂಕ್ ಸಾಲಿನಲ್ಲಿ ಕಂಪೈಲ್ ಆದ ಆಬ್ಜೆಕ್ಟ್ ಕಡತಗಳಿಗಿಂತ ಮೊದಲೇ ಲೈಬ್ರರಿ ಬಂದು, ಲೈಬ್ರರಿ ಇದ್ದರೂ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಬೇಕಾದ ಹೆಸರು ಸಿಗಲಿಲ್ಲ) ಎಂಬ ದೋಷ ಎದುರಾಗಬಹುದು. ಒಂದಕ್ಕಿಂತ ಹೆಚ್ಚು ಫ್ಲ್ಯಾಗ್ ಇದ್ದರೆ ಉದ್ಧರಣ ಚಿಹ್ನೆ ಬೇಕೇ ಬೇಕು. ಇಲ್ಲವಾದರೆ ಎರಡನೆಯದು ಕಾನ್ಫಿಗರ್‌ನ ಆಯ್ಕೆ ಎಂದೇ ಓದಲ್ಪಡುತ್ತದೆ.

ಸಿ ಕಂಪೈಲರ್‌ನ ಫ್ಲ್ಯಾಗ್‌ಗಳಿರುವ ಸಿಫ್ಲ್ಯಾಗ್ಸ್ ಬದಲಿಸಿ ಕಾನ್ಫಿಗರ್ ಮತ್ತೆ ಓಡಿಸಿದ ಮೇಲೆ, ಹಳೆಯ ಬಿಲ್ಡ್ ಅಳಿಸುವ ಮೇಕ್ ಕ್ಲೀನ್ ಕೂಡ ಮಾಡಿ. ಬಿಲ್ಡ್ ನಡೆಸುವ ಮೇಕ್ ನೋಡುವುದು ಕಡತಗಳು ಬದಲಾದ ಸಮಯವನ್ನು. ಫ್ಲ್ಯಾಗ್ ಬದಲಾದದ್ದು ಅದಕ್ಕೆ ತಿಳಿಯದು, ಹಳೆಯ ಆಬ್ಜೆಕ್ಟ್‌ಗಳೇ ಉಳಿಯುತ್ತವೆ. ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಕೂಡ ಸಾಮಾನ್ಯವಾಗಿ ನಮ್ಮ ವೇರಿಯೇಬಲ್‌ಗಳನ್ನು ಬದಿಗಿಟ್ಟೇ ಮುಂದುವರಿಯುತ್ತದೆ. ಎಕ್ಸ್‌ಪೋರ್ಟ್ ನಂಬಿ ಸುಡೋ ಮೇಕ್ ಇನ್‌ಸ್ಟಾಲ್ ಕೊಟ್ಟವರು ತಲೆ ಕೆರೆದುಕೊಳ್ಳುವುದು ಇಲ್ಲೇ.

ನಮ್ಮ ಕಾಲೇಜುಗಳ ಲ್ಯಾಬ್ ಮ್ಯಾನುಯಲ್‌ಗಳಲ್ಲಿ ಕಂಪೈಲರ್ ಬಗ್ಗೆ ಪುಟಗಟ್ಟಲೆ ಇರುತ್ತದೆ, ಇದಕ್ಕೆ ಅರ್ಧ ಪುಟವಾದರೂ ಸಿಗಲಿ. ಪ್ರಾಜೆಕ್ಟ್ ವರದಿಯ ಜೊತೆ, ಬಳಸಿದ ಕಾನ್ಫಿಗರ್ ಸಾಲನ್ನು ಇದ್ದಂತೆಯೇ ಬರೆದ ರೀಡ್‌ಮಿ ಕಡತವನ್ನೂ ಕಡ್ಡಾಯ ಮಾಡಿದರೆ ಪರೀಕ್ಷಕರು ಅದನ್ನು ತಮ್ಮ ಯಂತ್ರದಲ್ಲೇ ಓಡಿಸಿ ನೋಡಬಹುದು.

– ಓದುಗ, ಉಡುಪಿ