ಹುಟ್ಟುಹಬ್ಬಕ್ಕೆ ಮನೆಯ ಮಿಠಾಯಿ ಹಂಚಲಿ

ಮಾನ್ಯರೆ,

ಹುಟ್ಟುಹಬ್ಬದ ದಿನ ತರಗತಿಗೆಲ್ಲ ಚಾಕೊಲೇಟ್ ಹಂಚುವ ರೂಢಿ ಈಗ ಸಣ್ಣ ಊರುಗಳ ಶಾಲೆಗಳಿಗೂ ಬಂದಿದೆ. ಒಂದು ಮಗು 5 ರೂಪಾಯಿಯ ಚಾಕೊಲೇಟ್ ಕೊಟ್ಟರೆ ಇನ್ನೊಂದು 20 ರೂಪಾಯಿಯದನ್ನು ತರುತ್ತದೆ. ಶಿಕ್ಷಕರಿಗೆ ಬೇರೆಯದೇ ಡಬ್ಬಿ. ಕೂಲಿ ಮಾಡಿ ಮಕ್ಕಳನ್ನು ಓದಿಸುವವರು, ಮಗುವಿನ ಮುಖ ಸಣ್ಣದಾದೀತೆಂಬ ಒಂದೇ ಅಳುಕಿಗೆ ಕೈಮೀರಿ ಖರ್ಚು ಮಾಡುತ್ತಿದ್ದಾರೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಲ್ಲೂ ಇದೇ ಪೈಪೋಟಿ. ಇದರ ಬದಲು, ಮನೆಯಲ್ಲೇ ಮಾಡಿದ ಮಿಠಾಯಿಯನ್ನು ಮಾತ್ರ, ಎಲ್ಲರಿಗೂ ಒಂದೊಂದೇ ತುಂಡು ಹಂಚುವ ಪದ್ಧತಿಯನ್ನು ಶಾಲೆಗಳು ತರಬೇಕೆಂದು ಕೋರುತ್ತೇನೆ.

ನಮ್ಮಲ್ಲಿ ಇದು ಹೊಸದೇನೂ ಅಲ್ಲ. ಸಂಕ್ರಾಂತಿಗೆ ಹಳೆ ಮೈಸೂರು ಭಾಗದ ಮನೆಗಳಲ್ಲಿ ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿಟ್ಟು, ಪಾಕ ಹೊಯ್ದು ಸಕ್ಕರೆ ಅಚ್ಚು ಮಾಡಿ, ಎಳ್ಳು ಬೀರುವಾಗ ಮನೆಮನೆಗೆ ಕೊಟ್ಟುಬರುತ್ತಿದ್ದರು. ಅಚ್ಚಿಗೆ ಕೈ ಪಳಗಬೇಕು. ಕಡಲೆ ಮಿಠಾಯಿ ಅದಕ್ಕಿಂತ ಸುಲಭ. ಅರ್ಧ ಕಿಲೋ ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಎರಡಾಗಿ ಒಡೆದಿಟ್ಟುಕೊಳ್ಳಬೇಕು. 400 ಗ್ರಾಂ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಕುದಿಸಬೇಕು. ಬಟ್ಟಲಿನ ತಣ್ಣೀರಿಗೆ ಬಿಟ್ಟ ಪಾಕದ ಹನಿ ತಟ್ಟೆಗೆ ಬಡಿದರೆ ಟಣ್ ಎನ್ನಬೇಕು, ಮುರಿದರೆ ಪಟಕ್ಕನೆ ಮುರಿಯಬೇಕು. ಎಳೆದಾಗ ನೂಲು ನೂಲಾಗಿ ಬಂದರೆ ಇನ್ನೂ ಹದ ಬಂದಿಲ್ಲ, ಆಗಲೇ ಇಳಿಸಿದರೆ ಮಿಠಾಯಿ ಹಲ್ಲಿಗೆ ಅಂಟುತ್ತದೆ. ಹದ ಬಂದ ಕೂಡಲೇ ಬೀಜ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಸುರಿದು ಸಮನಾಗಿ ತಟ್ಟಿ, ಬಿಸಿ ಆರುವ ಮೊದಲೇ ಗೆರೆ ಎಳೆಯಬೇಕು. ಚಿಕ್ಕವಾಗಿ ಕತ್ತರಿಸಿದರೆ ಒಂದು ತರಗತಿಗೆ ಸಾಲುವಂತೆ 40 ತುಂಡುಗಳಾಗುತ್ತವೆ; ಒಂದಕ್ಕೆ 3 ರೂಪಾಯಿಯ ಆಸುಪಾಸು ಬೀಳುತ್ತದೆ.

ಬೆಲ್ಲ ಕೊಳ್ಳುವಾಗ ಕಪ್ಪು ಛಾಯೆಯದನ್ನೇ ಆರಿಸುವುದು ಒಳ್ಳೆಯದು. ಹಳದಿಯಾಗಿ ಹೊಳೆಯಲೆಂದು ರಾಸಾಯನಿಕ ಬೆರೆಸುವವರಿದ್ದಾರೆ. ಮಂಡ್ಯದವಳಾದ ನನಗೆ ಈ ಮಾತು ಹೇಳಲು ಸಂಕಟವಾಗುತ್ತದೆ. ಬಣ್ಣವೂ ಬೇಡ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿದ್ದು, ಅದರಲ್ಲಿ ರೋಡಮೈನ್-ಬಿ ಎಂಬ ಕೃತಕ ಬಣ್ಣ ಪತ್ತೆಯಾದ ಕಾರಣಕ್ಕೇ. ಕೊಬ್ಬರಿ ಮಿಠಾಯಿಗೆ ಕೆಂಪು ಬೇಕೆಂದು ಮಗು ಹಟ ಹಿಡಿದರೆ ಒಂದು ಚಮಚ ಬೀಟ್‌ರೂಟ್ ರಸ ಸಾಕು.

ಮಿಠಾಯಿ ಎಂದ ಮೇಲೆ ಸಿಹಿಯೇ. ಒಂದೇ ತುಂಡು ಎನ್ನುವುದು ಆ ಕಾರಣಕ್ಕೂ ಹೌದು. ಶಾಲೆಯ ಆವರಣದಲ್ಲೂ ಅದರ ಸುತ್ತ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮಾರುವುದಕ್ಕೆ ಇರುವ ಈ ಎಚ್ಚರ ಹಂಚುವುದಕ್ಕೂ ಬೇಡವೇ? ಮನೆಯ ತಿಂಡಿ ಶುಚಿಯಾಗಿರುತ್ತದೆಯೇ ಎಂದು ಕೆಲವು ಶಾಲೆಗಳು ಹಿಂಜರಿಯುವುದು ನ್ಯಾಯವೇ. ಏನೇನು ಹಾಕಿದೆ, ಯಾವ ದಿನ ಮಾಡಿದ್ದು ಎಂಬ ಚೀಟಿಯನ್ನು ಡಬ್ಬಿಗೆ ಅಂಟಿಸುವಂತೆ ಹೇಳಬಹುದು. ಕಡಲೆಬೀಜ ಒಗ್ಗದ ಮಗು ತರಗತಿಯಲ್ಲಿದ್ದರೆ ಅದನ್ನು ಶಿಕ್ಷಕರು ಮೊದಲೇ ತಿಳಿಸಬೇಕು. ಅಲ್ಲಿ ಕೊಬ್ಬರಿ ಮಿಠಾಯಿಯೇ ಸರಿ. ಗಟ್ಟಿ ಮಿಠಾಯಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಅಂಗನವಾಡಿಯ ಪುಟ್ಟ ಮಕ್ಕಳಿಗೆ ಅದು ಬೇಡ. ಪಾಕದ ಕೆಲಸ ದೊಡ್ಡವರದೇ ಆಗಿರಲಿ, ಕುದಿವ ಬೆಲ್ಲ ಮೈಗೆ ತಾಗಿದರೆ ಆಳವಾಗಿ ಸುಡುತ್ತದೆ. ಸಿಪ್ಪೆ ತೆಗೆಯುವುದು, ಕಾಗದ ಕತ್ತರಿಸಿ ಸುತ್ತುವುದು, ಗೆಳೆಯರ ಹೆಸರು ಬರೆಯುವುದು ಮಕ್ಕಳ ಪಾಲಿಗಿರಲಿ.

ಶಿಕ್ಷಕರಿಗೂ, ಬಿಸಿಯೂಟದ ಅಡುಗೆಯವರಿಗೂ, ಆಯಾಗಳಿಗೂ ಅದೇ ಅಳತೆಯ ತುಂಡು ಸಲ್ಲಬೇಕು. ಮುಂದಿನ ಪೋಷಕರ ಸಭೆಯಲ್ಲಿಯೇ ಶಾಲಾಭಿವೃದ್ಧಿ ಸಮಿತಿಗಳು ಇದನ್ನು ಚರ್ಚೆಗಿಟ್ಟು, ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಮುನ್ನ ಒಂದು ಸುತ್ತೋಲೆ ಕಳುಹಿಸಲಿ ಎಂದು ವಿನಂತಿಸುತ್ತೇನೆ.

— ಒಬ್ಬ ಪೋಷಕಿ, ಮಂಡ್ಯ