ಎಂಜಿನ್ ಸದ್ದಿನ ತಪಾಸಣೆ ಬೆಳಿಗ್ಗೆಯೇ ನಡೆಯಲಿ

ಸಂಪಾದಕರೇ,

ಒಂಬತ್ತು ವರ್ಷ ಹಳೆಯದಾದ ನನ್ನ ಪೆಟ್ರೋಲ್ ಕಾರು ಕಳೆದ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಟಿಲ್ಲರ್‌ನಂತೆ ಅಬ್ಬರಿಸತೊಡಗಿತು. ಐದಾರು ನಿಮಿಷ ಕಳೆದು ಎಂಜಿನ್ ಬಿಸಿಯಾದರೆ ಸದ್ದು ತಾನಾಗಿಯೇ ಅಡಗುತ್ತಿತ್ತು. ಸಾಗರದಿಂದ ಸುಮಾರು 70 ಕಿ.ಮೀ. ಓಡಿಸಿಕೊಂಡು ಶಿವಮೊಗ್ಗದ ಸರ್ವಿಸ್ ಸೆಂಟರ್ ಒಂದಕ್ಕೆ ಹೋದಾಗ, ಎಂಜಿನ್ ಕಾದ ಹೆಂಚಿನಂತಿದ್ದುದರಿಂದ, ಅಲ್ಲಿನವರಿಗೆ ಯಾವ ಸದ್ದೂ ಕೇಳಿಸಲಿಲ್ಲ. ಆದರೂ ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ಬದಲಿಸಬೇಕೆಂದು 28,000 ರೂಪಾಯಿಯ ಅಂದಾಜುಪಟ್ಟಿಯನ್ನು ಕೈಗಿತ್ತರು. ಕೇಳಿಸದ ಸದ್ದಿಗೆ ಇಷ್ಟು ದುಬಾರಿ ಮದ್ದನ್ನು ಹೇಗೆ ಗೊತ್ತುಮಾಡಿದಿರಿ ಎಂದು ವಿಚಾರಿಸಿದರೆ, ‘ಈ ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ ಸಾರ್’ ಎಂಬ ಉತ್ತರ ಬಂತು.

ನಾನು ಒಪ್ಪದೆ ಊರಿಗೆ ಮರಳಿ, ಪೇಟೆಯ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರಿಗೆ ವಿಷಯ ತಿಳಿಸಿದೆ. ಅವರು ಕಾರನ್ನು ತರಬೇಡಿ, ರಾತ್ರಿಯಿಡೀ ನಿಂತಲ್ಲೇ ಇರಲಿ ಎಂದು ಹೇಳಿ, ಮರುದಿನ ಆರು ಗಂಟೆಗೆ ತಾವೇ ಮನೆಗೆ ಬಂದರು. ಬಾನೆಟ್ ಎತ್ತಿಟ್ಟು, ನನ್ನಿಂದ ಸ್ಟಾರ್ಟ್ ಮಾಡಿಸಿ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿಯನ್ನು ಎರಡೇ ಸೆಕೆಂಡು ಒತ್ತಿ ಹಿಡಿದರು. ಹೊಗೆ ಹೊರಹೋಗಲು ದಾರಿಯಿಲ್ಲದಾದಾಗ ಎಂಜಿನ್ನಿನ ಪಕ್ಕದಿಂದ ‘ಚಸ್ ಚಸ್’ ಎಂಬ ಸದ್ದು ಜೋರಾಯಿತು. ಟಾರ್ಚ್ ಬಿಟ್ಟು ನೋಡಿದರೆ, ಎಂಜಿನ್ ಹೆಡ್‌ಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಸೈಲೆನ್ಸರಿನತ್ತ ಒಯ್ಯುವ ಮೊದಲ ಕೊಳವೆ) ಕೂಡುವ ಜಾಗದಲ್ಲಿ, ಒಲೆಯ ಗೋಡೆಗೆ ಹಿಡಿದಂತಹ ಮಸಿಯ ಗೆರೆ. ಆ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟು, ಅದನ್ನು ಬಿಗಿಹಿಡಿಯುವ, ತುಕ್ಕು ಹಿಡಿದ ಎರಡು ಸ್ಟಡ್‌ಗಳು ಸಡಿಲಾಗಿದ್ದವು. ಕಬ್ಬಿಣ ಕಾದು ಹಿಗ್ಗಿದಾಗ ಆ ಸಂದು ಮುಚ್ಚಿಕೊಳ್ಳುತ್ತಿತ್ತು, ತಣಿದಾಗ ಮತ್ತೆ ತೆರೆದುಕೊಳ್ಳುತ್ತಿತ್ತು. ಶಿವಮೊಗ್ಗ ತಲುಪುವಷ್ಟರಲ್ಲಿ ನನ್ನ ಕಾರು ಗುಣವಾದಂತೆ ನಟಿಸಿದ್ದರ ಗುಟ್ಟು ಇದು. ಸಾಮಾನು, ಕೂಲಿ ಎಲ್ಲ ಸೇರಿ 2,600 ರೂಪಾಯಿಗೆ ಕೆಲಸ ಮುಗಿಯಿತು.

ಇಂತಹ ಸೋರಿಕೆಯನ್ನು ಬರೀ ಕಿವಿಯ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಮ್ಯಾನಿಫೋಲ್ಡ್ ಬಳಿಯ ಸಂದಿನಿಂದ ಹೊರಗಿನ ಗಾಳಿಯೂ ಒಳಸೇರುವುದರಿಂದ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯಲು ಮುಂದಿರುವ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆಯಾಗಿದೆ ಎಂದು ತಪ್ಪು ತಿಳಿಯುತ್ತದೆ. ಆಗ ಎಂಜಿನ್ನಿನ ಕಂಪ್ಯೂಟರ್ ಬೇಡದ ಪೆಟ್ರೋಲನ್ನು ಸುರಿಯತೊಡಗುತ್ತದೆ. ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದ ನನ್ನ ಕಾರು 14ಕ್ಕೆ ಇಳಿದಿದ್ದನ್ನು ನಾನು ಮಳೆಗಾಲದ ರಸ್ತೆಗಳ ತಲೆಗೆ ಕಟ್ಟಿದ್ದೆ. ಅದಕ್ಕಿಂತ ಮುಖ್ಯವಾಗಿ, ಸೋರುವ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ‘ಸ್ವಲ್ಪ ಬಿಸಿಯಾಗಲಿ’ ಎಂದು ಕಾರನ್ನು ಚಾಲೂ ಇಟ್ಟು ಒಳಗೆ ಕುಳಿತುಕೊಳ್ಳುವವರು ಇದನ್ನು ಗಮನಿಸಬೇಕು.

ಸ್ಟಾರ್ಟ್ ಮಾಡುವಾಗಿನ ಸದ್ದೆಲ್ಲ ಒಂದೇ ಕಾರಣದ್ದಲ್ಲ, ಎಲ್ಲವೂ ರೋಗವೂ ಅಲ್ಲ. ತಣ್ಣನೆಯ ಎಂಜಿನ್ ಮೊದಲ ಒಂದೆರಡು ನಿಮಿಷ 1,200ರಿಂದ 1,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿ, ಆಮೇಲೆ 700–800ಕ್ಕೆ ಇಳಿಯುವುದು ಸಹಜ. ಕೀ ತಿರುಗಿಸಿದಾಗ ಮಾತ್ರ ‘ಗರ್ರ್’ ಎಂದು ಹಲ್ಲು ಕಡಿದಂತಾದರೆ ಸ್ಟಾರ್ಟರ್ ಮೋಟರಿನ ಪಿನಿಯನ್ (ಸಣ್ಣ ಹಲ್ಲುಗಾಲಿ) ಅಥವಾ ಅದು ಕಚ್ಚಿ ತಿರುಗಿಸುವ ಫ್ಲೈವೀಲ್ ಹಲ್ಲುಗಳನ್ನು ನೋಡಬೇಕು. ಮಳೆಯ ಬೆಳಗಿನಲ್ಲಿ ಕಿರುಚಿ ಸುಮ್ಮನಾಗುವುದು ಹೆಚ್ಚಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸಡಿಲಾದ ಬೆಲ್ಟು. ಎರಡು ಮೂರು ಸೆಕೆಂಡು ‘ಕಟಕಟ’ ಎಂದು ನಿಂತುಹೋದರೆ ಚೈನ್ ಟೆನ್ಷನರಿಗೆ ಆಯಿಲ್ ತಲುಪಲು ತಡವಾಗುತ್ತಿದೆ ಎಂದು ಶಂಕಿಸಬಹುದು. ಆಗಲೂ ಎಂಜಿನ್ ಬಿಚ್ಚುವ ಮೊದಲು ಡಿಪ್‌ಸ್ಟಿಕ್ (ಅಳತೆ ಕಡ್ಡಿ) ಎಳೆದು ಆಯಿಲ್ ಮಟ್ಟ ನೋಡಬೇಕು, ಯಾವ ಗ್ರೇಡಿನ (ಎಷ್ಟು ಮಂದದ) ಆಯಿಲ್ ಹಾಕಿದ್ದಾರೆಂದು ಹಳೆಯ ಬಿಲ್ಲಿನಲ್ಲಿ ಪರೀಕ್ಷಿಸಬೇಕು. ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದಿದ್ದರೂ 20ಡಬ್ಲ್ಯು-50 ಸುರಿದಿದ್ದರೆ, ಆ ಮಂದವಾದ ಆಯಿಲ್ ಚಳಿಯ ಬೆಳಿಗ್ಗೆ ಮೇಲೇರುವುದು ನಿಧಾನ. ಕಳಪೆ ಆಯಿಲ್ ಫಿಲ್ಟರಿನಲ್ಲಿ, ಆಯಿಲ್ ರಾತ್ರಿ ಕೆಳಗಿಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಗಟ್ಟಿಯಾಗಿದ್ದರೂ ಇದೇ ಕಟಕಟ ಕೇಳುತ್ತದೆ. ಫಿಲ್ಟರ್ ಬದಲಾಯಿಸಲು ಕೆಲವು ನೂರು ರೂಪಾಯಿ ಸಾಕು.

ಎರಡು ಮೂರು ಕಿ.ಮೀ. ದೂರದ ಶಾಲೆ, ಸಂತೆಗಷ್ಟೇ ಕಾರು ತೆಗೆಯುವ ನಮ್ಮಂಥವರ ಸೈಲೆನ್ಸರ್ ಬೇಗ ತೂತಾಗುವುದಕ್ಕೂ ಕಾರಣವಿದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ, ಪೈಪು ಪೂರ್ತಿ ಕಾಯದ ಕಾರಣ, ಒಳಗೇ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸುವುದು ಒಳ್ಳೆಯದು.

ಸರ್ವಿಸ್ ಸೆಂಟರುಗಳಿಗೆ ನನ್ನ ಒತ್ತಾಯ ಇಷ್ಟೇ. ಬೆಳಗಿನ ಸದ್ದಿನ ದೂರು ಬಂದರೆ ಕಾರನ್ನು ಒಂದು ರಾತ್ರಿ ಇಟ್ಟುಕೊಂಡು, ಮರುದಿನದ ಮೊದಲ ಸ್ಟಾರ್ಟನ್ನು ಮಾಲೀಕರ ಎದುರೇ ಮಾಡಬೇಕು; ಏನು ಕೇಳಿಸಿತು, ಎಷ್ಟು ಹೊತ್ತು ಕೇಳಿಸಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಯಬೇಕು; ಅದಾದ ನಂತರವೇ ಅಂದಾಜುಪಟ್ಟಿ ತಯಾರಿಸಬೇಕು. ತೊಳೆದದ್ದಕ್ಕೆ, ಪಾಲಿಶ್ ಮಾಡಿದ್ದಕ್ಕೆ ಚೌಕ ಹಾಕಿ ಟಿಕ್ ಮಾಡುವ ಆ ಹಾಳೆಯಲ್ಲಿ ಇದಕ್ಕೊಂದು ಸಾಲು ಹಿಡಿಸದೇ ಇರಲಾರದು. ಮಾಲೀಕರೂ ಕೀ ತಿರುಗಿಸುವ ಮುಂಚಿನಿಂದಲೇ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಟ್ಟುಕೊಂಡು ಹೋಗಲಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಲಿ.

– ಓದುಗ, ಸಾಗರ