ಇಬ್ರಾಹಿಂ ಬಾದಶಹನ ಸರಸ್ವತಿಯನ್ನು ನಮ್ಮೂರ ಮಕ್ಕಳಿಗೂ ತೋರಿಸಿ

ವಿಜಯಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಚಿತ್ರಕಲಾ ಶಿಕ್ಷಕ. ವಿಜಯಪುರದ ದರಬಾರಿನಲ್ಲಿ ಹುಟ್ಟಿದ ಒಂದು ಚಿತ್ರ ವಿಜಯಪುರದ ಮಕ್ಕಳಿಗೇ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ಸುಮಾರು 1604ರಲ್ಲಿ ಫರ್ರುಖ್ ಹುಸೇನ್ ಎಂಬ ಕಲಾವಿದ ಇಲ್ಲಿ ವೀಣೆ ನುಡಿಸುವ ಸರಸ್ವತಿಯನ್ನು ಬರೆದ. ಫರ್ರುಖ್ ಬೇಗ್ ಅಂತಲೂ ಅವನ ಹೆಸರು. ಪರ್ಷಿಯನ್ ಶೈಲಿಯಲ್ಲಿ ಪಳಗಿದ ಕೈ. ಅಕ್ಬರನ ಆಸ್ಥಾನದಲ್ಲಿದ್ದವನು ಆಮೇಲೆ ವಿಜಯಪುರದ ಬಾದಶಹ ಎರಡನೇ ಇಬ್ರಾಹಿಂ ಆದಿಲ್ ಶಾಹನ ಹತ್ತಿರ ಬಂದ. ಚಿತ್ರದಲ್ಲಿ ದೇವಿ ಬಿಳಿ ಉಡುಗೆ ಉಟ್ಟು ಬಂಗಾರದ ಸಿಂಹಾಸನದ ಮೇಲೆ ಕೂತಿದ್ದಾಳೆ. ಜೊತೆಗೆ ನವಿಲು ಇದೆ. ಅಷ್ಟೊಂದು ಬಂಗಾರದ ನಡುವೆ ಆ ಬಿಳುಪೇ ಮೊದಲು ಕಣ್ಣಿಗೆ ಬೀಳುತ್ತದೆ. ಬಣ್ಣ ತಿಳಿದವರಿಗೆ ಗೊತ್ತು, ಅದು ಎಷ್ಟು ಕಷ್ಟದ ಕೆಲಸ ಅಂತ. ಅಚ್ಚಾದ ಪುಟದಲ್ಲಿ ನೋಡಿದರೂ ನನಗೆ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ.

ಬರೆಸಿದ ಅರಸನೂ ಅಂಥವನೇ. 1580ರಿಂದ 1627ರವರೆಗೆ ಆಳಿದ ಇಬ್ರಾಹಿಂ, ಗಣಪತಿ ನನ್ನ ತಂದೆ, ಸರಸ್ವತಿ ನನ್ನ ತಾಯಿ ಎಂದು ಹೇಳಿಕೊಂಡವನು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ಸಂಗೀತಕ್ಕಾಗಿಯೇ ವಿಜಯಪುರದ ಪಕ್ಕದ ತೊರವಿಯ ಹತ್ತಿರ 1599ರಲ್ಲಿ ನವರಸಪುರ ಎಂಬ ಊರು ಕಟ್ಟಿಸಲು ಶುರು ಮಾಡಿದ. ಜನ ಅವನನ್ನು ಜಗದ್ಗುರು ಅಂತ ಕರೆದರು. ಮುಸ್ಲಿಂ ಬಾದಶಹನೊಬ್ಬ ಸರಸ್ವತಿಯನ್ನು ತಾಯಿ ಅಂದ ಊರು ನಮ್ಮದು. ಇದನ್ನು ನಮ್ಮ ಮಕ್ಕಳು ಬೇರೆ ಯಾರಿಂದಲೋ ಯಾಕೆ ಕೇಳಬೇಕು?

1686ರಲ್ಲಿ ಔರಂಗಜೇಬ ಊರು ಗೆದ್ದ. ಇಲ್ಲಿನ ಚಿತ್ರಗಳು ಎಲ್ಲೆಲ್ಲಿಗೋ ಹೋದವು. ಇವತ್ತು ಶಾಲೆ ಪ್ರವಾಸದ ಬಸ್ಸುಗಳು ಗೋಳಗುಮ್ಮಟಕ್ಕೆ ಬರುತ್ತವೆ. ಮಕ್ಕಳು ಮೇಲೆ ಹತ್ತಿ ಕೂಗಿ, ಪ್ರತಿಧ್ವನಿ ಕೇಳಿ ಖುಷಿಪಡುತ್ತಾರೆ. ಖುಷಿಪಡಲಿ. ಆದರೆ ಇಷ್ಟು ದೊಡ್ಡ ಕಟ್ಟಡಗಳ ಊರಿನಲ್ಲಿ ಅಷ್ಟೇ ದೊಡ್ಡ ಚಿತ್ರಕಲೆಯೂ ಇತ್ತು ಅಂತ ಅವರಿಗೆ ಹೇಳುವವರು ಬೇಕಲ್ವಾ?

ಮೂಲ ಚಿತ್ರವನ್ನೇ ತನ್ನಿ ಅಂತ ನಾನು ಕೇಳುತ್ತಿಲ್ಲ. ಅದನ್ನು ಇಟ್ಟುಕೊಂಡವರ ಒಪ್ಪಿಗೆ ಪಡೆದು, ಬಣ್ಣ ಕೆಡದ ಹಾಗೆ ಒಳ್ಳೆಯ ಪ್ರತಿ ಮಾಡಿಸಿ. ಒಂದು ಪ್ರತಿ ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂನಲ್ಲಿರಲಿ. ಅದು ಪುರಾತತ್ವ ಇಲಾಖೆಯ ಕೈಯಲ್ಲಿದೆ, ನೀವು ಬರೆದರೆ ಅವರು ಕೇಳಿಯಾರು. ಇನ್ನೊಂದನ್ನು ತೊರವಿಯ ಸಂಗೀತ ಮಹಲಿನ ಹತ್ತಿರ, ಬಿಸಿಲು ಮಳೆ ತಾಗದ ಜಾಗದಲ್ಲಿ ಹಾಕಿಸಿ. ಪಕ್ಕದಲ್ಲಿ ಕಲಾವಿದನ ಹೆಸರು, ಇಸವಿ, ಇಬ್ರಾಹಿಮನ ವಿಷಯ ಎಲ್ಲ ಸರಳ ಕನ್ನಡದಲ್ಲಿರಲಿ. ಕಲಾವಿದನ ಹೆಸರನ್ನಂತೂ ಬಿಡಬೇಡಿ, ಚಿತ್ರ ಬರೆದವರನ್ನು ಮರೆಯುವುದು ನಮ್ಮಲ್ಲಿ ಜಾಸ್ತಿ.

ಮುಂದೆ ನವರಸಪುರ ಉತ್ಸವ ಮಾಡುವಾಗ ಶಾಲಾ ಮಕ್ಕಳಿಗೆ ಈ ಚಿತ್ರ ನೋಡಿ ಬರೆಯುವ ಒಂದು ದಿನವನ್ನೂ ಇಡಿ. ಮಕ್ಕಳನ್ನು ಕರೆತರುವ, ಕಲಿಸುವ ಕೆಲಸ ನನ್ನಂಥ ಶಿಕ್ಷಕರು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಚಿತ್ರಕಲಾ ಶಿಕ್ಷಕ